ಜಿಪಿಎಸ್‌ನಿಂದ ವಿಎಚ್‌ಎಫ್‌ಗೆ ಎರಡೇ ವೈರ್, ಆದರೆ ಯಾವ ಎರಡು?

ಪ್ರಶ್ನೆ: ನನ್ನ ಬೋಟಿನಲ್ಲಿ ಡಿಎಸ್‌ಸಿ (ಗುಂಡಿ ಒತ್ತಿದರೆ ಡಿಜಿಟಲ್ ಕರೆ ಕಳಿಸುವ ವ್ಯವಸ್ಥೆ) ಇರುವ ವಿಎಚ್‌ಎಫ್ ರೇಡಿಯೊ ಇದೆ. ಪಕ್ಕದಲ್ಲೇ ಹಳೆಯ ಜಿಪಿಎಸ್ ಪ್ಲಾಟರ್, ಅಂದರೆ ಬೋಟು ಇರುವ ಜಾಗವನ್ನು ನಕ್ಷೆಯ ಮೇಲೆ ತೋರಿಸುವ ಯಂತ್ರ, ಇದೆ. ಎರಡರ ಹಿಂದೆಯೂ ಬಣ್ಣ ಬಣ್ಣದ ವೈರ್‌ಗಳು ನೇತಾಡುತ್ತಿವೆ. ನೀಲಿಗೆ ನೀಲಿ ಸೇರಿಸಿ ನೋಡಿದೆ, ರೇಡಿಯೊ ಪರದೆಯಲ್ಲಿ ಏನೂ ಬರಲಿಲ್ಲ. ಎಲ್ಲಿ ತಪ್ಪಾಗಿರಬಹುದು? ಅಷ್ಟಕ್ಕೂ ಇವೆರಡನ್ನು ಸೇರಿಸುವುದರಿಂದ ಏನಾದರೂ ಪ್ರಯೋಜನ ಇದೆಯಾ?

ಉತ್ತರ: ಪ್ರಯೋಜನದ ಮಾತನ್ನೇ ಮೊದಲು ಮುಗಿಸೋಣ. ರೇಡಿಯೊದ ಮೇಲಿನ ಪುಟ್ಟ ಮುಚ್ಚಳ ಎತ್ತಿ ಅಪಾಯದ ಕರೆಯ ಕೆಂಪು ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ, ರೇಡಿಯೊ 70ನೇ ಚಾನೆಲ್‌ನಲ್ಲಿ ಒಂದು ಪುಟ್ಟ ಡಿಜಿಟಲ್ ಸಂದೇಶ ಕಳಿಸುತ್ತದೆ. ಅದರಲ್ಲಿ ನಿಮ್ಮ ಬೋಟಿನ ಗುರುತಿನ ಸಂಖ್ಯೆ, ನೀವಿರುವ ಜಾಗ, ಆ ಜಾಗದಲ್ಲಿದ್ದ ಸಮಯ ಇರುತ್ತವೆ. ಜಿಪಿಎಸ್ ಸೇರಿಸಿಲ್ಲ, ಕೈಯಿಂದಲೂ ಜಾಗ ತುಂಬಿಲ್ಲ ಅಂದರೆ? ಜಾಗದ ಬದಲು ಹತ್ತು 9ಗಳು, ಸಮಯದ ಬದಲು ನಾಲ್ಕು 8ಗಳು ಹೋಗುತ್ತವೆ. ಯಾರೋ ಅಪಾಯದಲ್ಲಿದ್ದಾರೆ ಅಂತ ಕೇಳಿದವರಿಗೆ ಗೊತ್ತಾಗುತ್ತದೆ. ಎಲ್ಲಿ ಅಂತ ಗೊತ್ತಾಗುವುದಿಲ್ಲ. ಸಂದೇಶ ಹಿಡಿದ ಠಾಣೆಯ ಸುತ್ತ 20 ನಾಟಿಕಲ್ ಮೈಲಿಯಷ್ಟೇ ಹುಡುಕಬೇಕು ಅಂದುಕೊಂಡರೂ ಅದು ಸುಮಾರು 4,300 ಚದರ ಕಿಲೋಮೀಟರ್ ಆಗುತ್ತದೆ.

ಕೈಯಿಂದಲೇ ಅಕ್ಷಾಂಶ, ರೇಖಾಂಶ ತುಂಬಬಹುದಲ್ವಾ ಅನ್ನಬಹುದು. ತುಂಬಬಹುದು. ಆದರೆ 6 ನಾಟ್ ವೇಗದಲ್ಲಿ ಹೋಗುವ ಬೋಟು 4 ಗಂಟೆಯಲ್ಲಿ 24 ನಾಟಿಕಲ್ ಮೈಲಿ ದಾಟಿರುತ್ತದೆ. ಬೆಳಿಗ್ಗೆ ತುಂಬಿದ ಜಾಗವನ್ನು ಮಧ್ಯಾಹ್ನ ಕಳಿಸಿದರೆ ಹುಡುಕುವವರು ತಪ್ಪು ಕಡೆಗೇ ಹೋಗುತ್ತಾರೆ. ನನ್ನ ಪ್ರಕಾರ ಸುಳ್ಳು ಜಾಗ ಕಳಿಸುವುದು ಏನೂ ಕಳಿಸದೇ ಇರುವುದಕ್ಕಿಂತ ಕೆಟ್ಟದ್ದು. ಹಾಗಾಗಿ ಸೇರಿಸಿ.

ಈಗ ನೀಲಿ ವೈರ್ ಕಥೆ. ಹಳೆಯ ಪ್ಲಾಟರ್‌ಗಳು, ಬಹಳಷ್ಟು ರೇಡಿಯೊಗಳು ಮಾತಾಡುವ ಭಾಷೆಯ ಹೆಸರು ಎನ್‌ಎಂಇಎ 0183. ಇದರಲ್ಲಿ ಒಬ್ಬ ಹೇಳುವವನು, ಒಬ್ಬ ಕೇಳುವವನು. ಜಿಪಿಎಸ್‌ನ ಬಾಯಿ ರೇಡಿಯೊದ ಕಿವಿಗೆ ಸೇರಬೇಕು, ಅಂದರೆ ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ. ಯಾವ ಬಣ್ಣ ಬಾಯಿ, ಯಾವುದು ಕಿವಿ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಗಾರ್ಮಿನ್‌ನ ಹಳೆಯ ಬಹಳಷ್ಟು ಯಂತ್ರಗಳಲ್ಲಿ ನೀಲಿ ಎಂದರೆ ಹೊರಗೆ ಹೋಗುವ ಡೇಟಾ, ಕಂದು ಎಂದರೆ ಒಳಗೆ ಬರುವ ಡೇಟಾ. ಬೇರೆ ಕಂಪನಿಯ ರೇಡಿಯೊದಲ್ಲಿ ಅದೇ ನೀಲಿ ಏನು ಬೇಕಾದರೂ ಆಗಿರಬಹುದು. ಆದ್ದರಿಂದ ಎರಡೂ ಯಂತ್ರಗಳ ಕೈಪಿಡಿಯಲ್ಲಿ ವೈರಿಂಗ್ ಪುಟ ತೆರೆದಿಟ್ಟುಕೊಂಡೇ ಕೂರಬೇಕು. ಅಲ್ಲೂ ಒಂದು ತಲೆನೋವಿದೆ: ಕೆಲವು ಕೈಪಿಡಿಗಳು ವೈರಿಗೆ ತನ್ನ ಕೆಲಸದ ಹೆಸರು ಕೊಡುತ್ತವೆ, ಇನ್ನು ಕೆಲವು ಆ ವೈರ್ ಎದುರಿನ ಯಂತ್ರದಲ್ಲಿ ಎಲ್ಲಿಗೆ ಹೋಗಬೇಕೋ ಆ ಹೆಸರು ಕೊಡುತ್ತವೆ. ಚಿತ್ರ ನೋಡಿ, ಬಾಣ ಯಾವ ಕಡೆಗಿದೆ ಅಂತ ಖಚಿತ ಮಾಡಿಕೊಳ್ಳಿ.

ನಿಮ್ಮದರಲ್ಲಿ ಎರಡರಲ್ಲೊಂದು ಆಗಿರಬೇಕು. ಬಾಯಿಗೆ ಬಾಯಿ ಸೇರಿದೆ, ಅಥವಾ ಹಿಂದಿರುಗುವ ವೈರ್ ಇಲ್ಲ. ಎರಡನೆಯದು ತುಂಬಾ ಜನ ಮರೆಯುವ ವಿಷಯ. ಸಿಗ್ನಲ್ ಒಂದು ವೈರ್‌ನಲ್ಲಿ ಹೋದರೆ ಸಾಲದು, ಸರ್ಕ್ಯೂಟ್ ಪೂರ್ತಿಯಾಗಬೇಕು. ಜಿಪಿಎಸ್‌ನಲ್ಲಿ ಡೇಟಾ ಹೊರಹೋಗಲು ಒಂದೇ ವೈರ್ ಇದ್ದರೆ ಅದನ್ನು ರೇಡಿಯೊದ ಆರ್‌ಎಕ್ಸ್ ಪ್ಲಸ್‌ಗೆ ಕೊಡಿ. ರೇಡಿಯೊದ ಆರ್‌ಎಕ್ಸ್ ಮೈನಸ್ ಅನ್ನು ಜಿಪಿಎಸ್‌ನ ಗ್ರೌಂಡ್‌ಗೆ ಸೇರಿಸಿ. ಸಾಮಾನ್ಯವಾಗಿ ಅದು ಕಪ್ಪು ವೈರ್, ಬ್ಯಾಟರಿ ಮೈನಸ್‌ಗೆ ಹೋಗುವುದೇ. ಜಿಪಿಎಸ್‌ನಲ್ಲಿ ಟಿಎಕ್ಸ್ ಪ್ಲಸ್, ಟಿಎಕ್ಸ್ ಮೈನಸ್ ಅಂತ ಎರಡು ಇದ್ದರೆ ಲೆಕ್ಕ ಬೇರೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಇಲ್ಲಿ ಟಿಎಕ್ಸ್ ಮೈನಸ್ ಅನ್ನು ಗ್ರೌಂಡ್‌ಗೆ ಕಟ್ಟಬೇಡಿ. ಹೆಸರಿಗೆ ಮೈನಸ್ ಆದರೂ ಅದು ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಓಡಾಡುತ್ತದೆ. ಗ್ರೌಂಡ್‌ಗೆ ಕಟ್ಟಿದರೆ ಒಳಗಿನ ಚಿಪ್ ಹಾಳಾಗಬಹುದು. ಕೆಲವು ಕಂಪನಿಗಳು ಈ ಜೋಡಿಯನ್ನು ಎ ಮತ್ತು ಬಿ ಅಂತ ಕರೆಯುತ್ತವೆ, ಅದರಲ್ಲೂ ಎಲ್ಲರ ಅರ್ಥ ಒಂದೇ ಅಲ್ಲ. ಸರಿಯಾಗಿ ಸೇರಿಸಿಯೂ ಏನೂ ಬಾರದಿದ್ದರೆ ಆ ಎರಡನ್ನು ಅದಲು ಬದಲು ಮಾಡಿ ನೋಡಿ.

ಬಾಯಿ ಯಾವುದು ಅಂತ ಅನುಮಾನ ಬಂದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಡಿಸಿ ವೋಲ್ಟ್‌ನಲ್ಲಿಟ್ಟು ಒಂದು ತುದಿಯನ್ನು ಗ್ರೌಂಡ್‌ಗೆ, ಇನ್ನೊಂದನ್ನು ಅನುಮಾನದ ವೈರ್‌ಗೆ ಮುಟ್ಟಿಸಿ. ಡೇಟಾ ಹೊರಡುತ್ತಿದ್ದರೆ ಅಂಕಿ ನಿಂತಲ್ಲಿ ನಿಲ್ಲುವುದಿಲ್ಲ. ಹೆಚ್ಚುಕಮ್ಮಿ ಸೆಕೆಂಡಿಗೊಮ್ಮೆ ಜಿಗಿಯುತ್ತದೆ, ಮತ್ತೆ ಇಳಿಯುತ್ತದೆ. ಸುಮ್ನೆ ಕೂತಿರುವ ವೈರ್‌ನಲ್ಲಿ ಈ ಕುಣಿತ ಇರುವುದಿಲ್ಲ.

ಕುಣಿತವೇ ಇಲ್ಲ ಅಂದರೆ ಪ್ಲಾಟರ್‌ನ ಸೆಟ್ಟಿಂಗ್ ನೋಡಿ. ತುಂಬಾ ಯಂತ್ರಗಳಲ್ಲಿ ಎನ್‌ಎಂಇಎ ಔಟ್‌ಪುಟ್ ಅನ್ನು ನಾವೇ ಆನ್ ಮಾಡಬೇಕು. ಡೇಟಾ ಕಳಿಸುವ ವೇಗ 4800 ಬಾಡ್ ಇರಲಿ. 38400 ಎಐಎಸ್‌ಗೆ (ಸುತ್ತಲಿನ ಹಡಗುಗಳ ಗುರುತು, ಜಾಗ ತಿಳಿಸುವ ವ್ಯವಸ್ಥೆ) ಬಳಸುವ ವೇಗ. ನಿಮ್ಮ ರೇಡಿಯೊದಲ್ಲಿ ಎಐಎಸ್ ಕೂಡ ಇದ್ದು ಎರಡು ಪೋರ್ಟ್ ಇದ್ದರೆ ಯಾವುದಕ್ಕೆ ಯಾವ ವೇಗ ಅಂತ ಕೈಪಿಡಿಯಲ್ಲೇ ನೋಡಿಕೊಳ್ಳಿ. ಜಿಪಿಎಸ್ ತನ್ನ ಡೇಟಾವನ್ನು ಸಾಲು ಸಾಲಾಗಿ ಕಳಿಸುತ್ತದೆ. ರೇಡಿಯೊಗೆ ಬೇಕಾಗಿರುವುದು ಆರ್‌ಎಂಸಿ, ಜಿಜಿಎ, ಜಿಎಲ್‌ಎಲ್ ಎಂಬ ಸಾಲುಗಳಲ್ಲಿ ಯಾವುದಾದರೂ ಒಂದು. ಆರ್‌ಎಂಸಿ ಇದ್ದರೆ ಬೇರೆ ಬೇಡ, ಜಾಗ, ಸಮಯ, ವೇಗ, ದಿಕ್ಕು ಎಲ್ಲವೂ ಅದೊಂದರಲ್ಲೇ ಬರುತ್ತವೆ. ಆ ಸಾಲಿನಲ್ಲಿ ಸಮಯದ ನಂತರ ಒಂದೇ ಒಂದು ಅಕ್ಷರ ಇರುತ್ತದೆ. ಅದು 'ಎ' ಆಗಿದ್ದರೆ ಜಾಗ ಸಿಕ್ಕಿದೆ ಅಂತ. 'ವಿ' ಆಗಿದ್ದರೆ ಉಪಗ್ರಹ ಇನ್ನೂ ಸಿಕ್ಕಿಲ್ಲ, ರೇಡಿಯೊ ಆ ಸಾಲನ್ನು ನಂಬುವುದಿಲ್ಲ. ಶೆಡ್ಡಿನೊಳಗೆ ಬೋಟು ನಿಲ್ಲಿಸಿಕೊಂಡು ವೈರಿಂಗ್ ಸರಿಯಿಲ್ಲ ಅಂತ ಕಿತ್ತು ಹಾಕುವವರು ಬಹಳ. ಮೊದಲು ಆಂಟೆನಾಗೆ ಆಕಾಶ ಕಾಣಿಸಲಿ.

ಇನ್ನೊಂದು ಕಿರಿಕಿರಿ ಹೊಸ ಜಿಪಿಎಸ್, ಹಳೆಯ ರೇಡಿಯೊ ಜೋಡಿಯಲ್ಲಿ ಬರುತ್ತದೆ. ಜಿಪಿಎಸ್ ಉಪಗ್ರಹಗಳನ್ನಷ್ಟೇ ಬಳಸುವ ಯಂತ್ರದ ಸಾಲು 'ಜಿಪಿ' ಅಂತ ಶುರುವಾಗುತ್ತದೆ. ಗ್ಲೋನಾಸ್, ಗೆಲಿಲಿಯೊ ಎಲ್ಲ ಸೇರಿಸಿ ಲೆಕ್ಕ ಹಾಕುವ ಯಂತ್ರದಲ್ಲಿ ಅದು 'ಜಿಎನ್' ಆಗುತ್ತದೆ. ಕೆಲವು ಹಳೆಯ ರೇಡಿಯೊಗಳಿಗೆ ಈ 'ಜಿಎನ್' ಅರ್ಥವೇ ಆಗುವುದಿಲ್ಲ. ವೈರ್ ಸರಿ, ವೇಗ ಸರಿ, ಪರದೆ ಮಾತ್ರ ಖಾಲಿ. ಜಿಪಿಎಸ್ ಸೆಟ್ಟಿಂಗ್‌ನಲ್ಲಿ ಬೇರೆ ಉಪಗ್ರಹ ವ್ಯವಸ್ಥೆಗಳನ್ನು ಆಫ್ ಮಾಡುವ ಅವಕಾಶ ಇದ್ದರೆ ಮಾಡಿ ನೋಡಿ.

ಎಲ್ಲ ಸರಿಹೋದ ಮೇಲೆ ಜೋಡಣೆಗೆ ಬರಿ ಟೇಪ್ ಸುತ್ತಿ ಬಿಡಬೇಡಿ. ಉಪ್ಪು ಗಾಳಿಗೆ ತಾಮ್ರ ಬೇಗ ಹಸಿರಾಗುತ್ತದೆ. ತವರ ಲೇಪಿಸಿದ ವೈರ್, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ.

ಪ್ರಶ್ನೆ: ವೈರಿಂಗ್ ಆಯಿತು, ರೇಡಿಯೊದಲ್ಲಿ ಅಕ್ಷಾಂಶ, ರೇಖಾಂಶ ಬರುತ್ತಿದೆ. ಕೆಂಪು ಗುಂಡಿ ಒತ್ತಿ ಒಮ್ಮೆ ಪರೀಕ್ಷೆ ಮಾಡಬಹುದೇ? ಅಪಾಯದಲ್ಲಿ ಮಾತಾಡಲು ಬಳಸುವ 16ನೇ ಚಾನೆಲ್‌ನಲ್ಲಿ ಮಾತಾಡಿದರೂ ಜಾಗ ಹೋಗುತ್ತದೆಯೇ?

ಉತ್ತರ: ಖಂಡಿತ ಒತ್ತಬೇಡಿ. ಅದು ನಿಜವಾದ ಅಪಾಯದ ಕರೆ. ಸುತ್ತಲಿನ ಹಡಗುಗಳಲ್ಲೆಲ್ಲ ಅಲಾರಂ ಹೊಡೆಯುತ್ತದೆ. ಕೈತಪ್ಪಿ ಒತ್ತಿ ಹೋದರೆ ಸುಮ್ಮನೆ ರೇಡಿಯೊ ಆಫ್ ಮಾಡಿ ಕೂರಬೇಡಿ. ರೇಡಿಯೊದಲ್ಲಿ ಕರೆ ರದ್ದು ಮಾಡುವ ಆಯ್ಕೆ ಇದ್ದರೆ ಒತ್ತಿ. 16ನೇ ಚಾನೆಲ್‌ಗೆ ಬಂದು ಬೋಟಿನ ಹೆಸರು, ಗುರುತಿನ ಸಂಖ್ಯೆ ಹೇಳಿ, ಕರೆ ತಪ್ಪಾಗಿ ಹೋಗಿದೆ ಅಂತ ಎಲ್ಲರಿಗೂ ತಿಳಿಸಿ.

ಪರೀಕ್ಷೆಗೆ ಪರದೆಯೇ ಸಾಕು. ರೇಡಿಯೊದಲ್ಲಿರುವ ಅಂಕಿ, ಪ್ಲಾಟರ್‌ನಲ್ಲಿರುವ ಅಂಕಿ ಪಕ್ಕ ಪಕ್ಕ ಇಟ್ಟು ನೋಡಿ. ಪ್ಲಾಟರ್ ಆಫ್ ಮಾಡಿದ ಸ್ವಲ್ಪ ಹೊತ್ತಿನಲ್ಲಿ ರೇಡಿಯೊ ಎಚ್ಚರಿಕೆ ಕೊಡಬೇಕು. ಅಂಕಿ ತಾಳೆಯಾಗದಿದ್ದರೆ ಪ್ಲಾಟರ್ ಜಾಗ ತೋರಿಸುವ ರೀತಿ ಗಮನಿಸಿ. 10 ಡಿಗ್ರಿ 30.500 ನಿಮಿಷ ಮತ್ತು 10.5083 ಡಿಗ್ರಿ ಎರಡೂ ಒಂದೇ ಜಾಗ, ಬರೆಯುವ ರೀತಿ ಬೇರೆ ಅಷ್ಟೇ. ನಿಮ್ಮ ರೇಡಿಯೊದಲ್ಲಿ ಡಿಎಸ್‌ಸಿ ಟೆಸ್ಟ್ ಕಾಲ್ ಇದ್ದರೆ ಗೆಳೆಯರ ಬೋಟಿಗೆ ಕಳಿಸಿ ನೋಡಬಹುದು.

ಇಲ್ಲೇ ಕೇಳಿಬಿಡುತ್ತೇನೆ, ಎಂಎಂಎಸ್‌ಐ ಹಾಕಿದ್ದೀರಾ? ಅದೇ ಆ 9 ಅಂಕಿಯ ಗುರುತಿನ ಸಂಖ್ಯೆ. ಅದಿಲ್ಲದೆ ಡಿಎಸ್‌ಸಿ ಕೆಲಸ ಮಾಡುವುದಿಲ್ಲ, ಎಷ್ಟೇ ಚೆಂದ ವೈರಿಂಗ್ ಮಾಡಿದರೂ. ಅಧಿಕೃತವಾಗಿ ಪಡೆದ ಸಂಖ್ಯೆಯನ್ನೇ ಹಾಕಿ, ನಿಧಾನವಾಗಿ ಹಾಕಿ. ಬಹಳಷ್ಟು ರೇಡಿಯೊಗಳು ಒಂದೆರಡು ಸಲಕ್ಕಿಂತ ಜಾಸ್ತಿ ಬದಲಿಸಲು ಬಿಡುವುದಿಲ್ಲ.

16ರಲ್ಲಿ ಮಾತಾಡಿದರೆ ದನಿ ಮಾತ್ರ ಹೋಗುತ್ತದೆ. ಜಾಗವನ್ನು ಬಾಯಲ್ಲೇ ಹೇಳಬೇಕು. ಆಗಲೂ ಅಂಕಿ ಕೈಗೆಟುಕುವ ಮೈಕ್ ಪಕ್ಕದಲ್ಲೇ ಕಾಣುತ್ತಿರುವುದು ದೊಡ್ಡ ಅನುಕೂಲ.

ಪ್ರಶ್ನೆ: ಮಾತಾಡಲು ಮೈಕ್ ಗುಂಡಿ ಒತ್ತಿದ ಕೂಡಲೇ ಜಿಪಿಎಸ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಡೇಟಾ ವೈರ್ ತಪ್ಪಾಗಿದೆಯೇ?

ಉತ್ತರ: ಡೇಟಾ ವೈರ್ ಮೇಲೆ ಅನುಮಾನ ಬೇಡ, ಕರೆಂಟ್ ವೈರ್ ನೋಡಿ. 25 ವ್ಯಾಟ್‌ನಲ್ಲಿ ಮಾತಾಡುವಾಗ ರೇಡಿಯೊ 5ರಿಂದ 6 ಆಂಪಿಯರ್ ಎಳೆಯುತ್ತದೆ. ಎರಡಕ್ಕೂ ಒಂದೇ ಸಣ್ಣ ವೈರ್‌ನಿಂದ ಕರೆಂಟ್ ಕೊಟ್ಟಿದ್ದರೆ ಆ ಕ್ಷಣ ವೋಲ್ಟೇಜ್ ಕುಸಿದು ಜಿಪಿಎಸ್ ಮಲಗುತ್ತದೆ. ರೇಡಿಯೊಗೆ ದಪ್ಪ ವೈರ್, ಬೇರೆ ಫ್ಯೂಸ್ ಕೊಡಿ. ಆಗಲೂ ಸರಿಹೋಗದಿದ್ದರೆ 1 ವ್ಯಾಟ್‌ಗೆ ಇಳಿಸಿ ಮಾತಾಡಿ ನೋಡಿ. 1 ವ್ಯಾಟ್‌ನಲ್ಲಿ ಜಿಪಿಎಸ್ ಆಫ್ ಆಗುವುದಿಲ್ಲ ಅಂದರೆ ಬ್ಯಾಟರಿಯ ತುದಿಗಳನ್ನು ಉಜ್ಜಿ, ವಿಎಚ್‌ಎಫ್ ಆಂಟೆನಾ ಜಿಪಿಎಸ್‌ಗೆ ತೀರಾ ಹತ್ತಿರ ಇದೆಯಾ ಗಮನಿಸಿ.

ಪ್ರಶ್ನೆ: ಹೊಸ ಪ್ಲಾಟರ್‌ನಲ್ಲಿ ಎನ್‌ಎಂಇಎ 2000 ಮಾತ್ರ ಇದೆ. ಅದರ ಕೇಬಲ್ ಕತ್ತರಿಸಿ ಹಳೆಯ ರೇಡಿಯೊಗೆ ಸೇರಿಸಬಹುದೇ?

ಉತ್ತರ: ಆಗುವುದಿಲ್ಲ. ಹೆಸರು ಹತ್ತಿರ ಇದ್ದರೂ ಭಾಷೆಯೇ ಬೇರೆ. ಅದು ಕಾರುಗಳಲ್ಲಿರುವಂಥ ಕ್ಯಾನ್ ಬಸ್ ಮೇಲೆ ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ ಓಡುತ್ತದೆ. ಆ ಕೇಬಲ್‌ನಲ್ಲಿ 12 ವೋಲ್ಟ್ ಕರೆಂಟ್ ಕೂಡ ಇರುತ್ತದೆ, ತಪ್ಪು ಕಡೆ ಮುಟ್ಟಿಸಿದರೆ ರೇಡಿಯೊದ ಪೋರ್ಟ್ ಸುಡಬಹುದು. ನಡುವೆ ಒಂದು ಕನ್ವರ್ಟರ್ ಬೇಕು. ಕೊಳ್ಳುವಾಗ 2000ದಿಂದ 0183ಕ್ಕೆ ಜಾಗದ ಡೇಟಾ ಬದಲಿಸುತ್ತದೆಯೇ ಅಂತ ನೋಡಿ, ಕೆಲವು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ರೇಡಿಯೊ ತೀರಾ ಹಳೆಯದಾಗಿದ್ದರೆ ಕನ್ವರ್ಟರ್‌ಗೆ ದುಡ್ಡು ಹಾಕುವ ಬದಲು ಜಿಪಿಎಸ್ ಒಳಗೇ ಇರುವ ರೇಡಿಯೊ ತೆಗೆದುಕೊಳ್ಳಿ ಅನ್ನುತ್ತೇನೆ. ಆದರೆ ಅದನ್ನು ಕಬ್ಬಿಣದ ಚಾವಣಿಯ ಕೆಳಗೆ ಕೂರಿಸುವ ಹಾಗಿದ್ದರೆ ಹೊರಗೆ ಬೇರೆ ಜಿಪಿಎಸ್ ಆಂಟೆನಾ ಹಾಕಲು ಜಾಗ ಇರುವ ಮಾಡೆಲ್ ಹುಡುಕಿ.