ಸಸ್ಪೆಂಡ್ ಆದರೆ ಶಿಕ್ಷೆ ಆದ ಹಾಗಾ?

ಪ್ರಶ್ನೆ: ಪೊಲೀಸರ ಮೇಲೆ ಆರೋಪ ಬಂದರೆ ಸಸ್ಪೆಂಡ್ ಅಂತಾರೆ. ಆರು ತಿಂಗಳಿಗೆ ಬೇರೆ ಠಾಣೆಯಲ್ಲಿ ಅದೇ ಮುಖ. ನಂಬೋದು ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಸಿಟ್ಟು ಸರಿಯೇ. ಸಸ್ಪೆಂಡ್ ಶಿಕ್ಷೆಯಲ್ಲ, ವಿಚಾರಣೆ ಮುಗಿಯುವವರೆಗೆ ಕುರ್ಚಿಯಿಂದ ದೂರ ಇಡುವುದು ಅಷ್ಟೇ, ಸಂಬಳದ ಒಂದು ಪಾಲು ಆಗಲೂ ಬರುತ್ತಲೇ ಇರುತ್ತದೆ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ನೇಮಕಾತಿ ಹಗರಣ ನೆನಪಿದೆ ಅಲ್ವಾ? ಪರೀಕ್ಷೆಯ ಓಎಂಆರ್ ಶೀಟ್, ಅಂದರೆ ಉತ್ತರ ಗುರುತು ಮಾಡುವ ಹಾಳೆ, ತಿದ್ದಿದ ಕೇಸು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ (ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರನ್ನೇ) 2022ರ ಜುಲೈನಲ್ಲಿ ರಾಜ್ಯ ಪೊಲೀಸರದೇ ತನಿಖಾ ವಿಭಾಗವಾದ ಸಿಐಡಿ ಬಂಧಿಸಿತು. ಆರೋಪ ನಿಲ್ಲುತ್ತದೋ ಬಿಡುತ್ತದೋ ಕೋರ್ಟಿಗೆ ಬಿಟ್ಟದ್ದು. ಆದರೆ ಇಲಾಖೆ ತನ್ನವರ ಮೇಲೇ ಕೈಹಾಕಿದ್ದನ್ನು ಜನ ನೋಡಿದರು. ವರ್ಗಾವಣೆ ಮಾಡಿ ಸುಮ್ನಾಗಿದ್ದರೆ ಇದ್ದಬದ್ದ ನಂಬಿಕೆಯೂ ಹೋಗುತ್ತಿತ್ತು.

ನಿಮಗೇ ಅನ್ಯಾಯವಾಗಿದ್ದರೆ, ಸುಪ್ರೀಂ ಕೋರ್ಟ್‌ನ 2006ರ ತೀರ್ಪಿನಿಂದ ಬಂದ ಪೊಲೀಸ್ ದೂರು ಪ್ರಾಧಿಕಾರ ಇದೆ (ಕಚೇರಿಯ ಬೋರ್ಡು ಹುಡುಕುವುದೇ ಒಂದು ಸಾಹಸ ಬಿಡಿ). ದೂರಿನಲ್ಲಿ ದಿನ, ಗಂಟೆ ತಪ್ಪದೆ ಬರೆಯಿರಿ. ಠಾಣೆಯ ಸಿಸಿಟಿವಿ ದೃಶ್ಯ ಕನಿಷ್ಠ ಒಂದು ವರ್ಷ ಇಡಬೇಕು ಅಂತ ಅದೇ ಕೋರ್ಟ್ 2020ರಲ್ಲಿ ಹೇಳಿದೆ. ಮೊದಲು ಅದನ್ನು ಅಳಿಸದಂತೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.