ದತ್ತುಪೂರ್ವ ಪೋಷಣೆಗೆ ಬಂದಿರುವ ಎರಡೂವರೆ ವರ್ಷದ ಮಗು ಕಚ್ಚುತ್ತೆ, ತಲೆ ಚಚ್ಚಿಕೊಳ್ಳುತ್ತೆ. ಹಾಸನದಲ್ಲಿ ಯಾರ ಹತ್ತಿರ ಹೋಗೋದು?

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ, ಮಾತು ಬಾರದ ಮಗುವಿಗೆ ಬೇಡ ಅನ್ನೋಕೆ ಇರೋದು ಹಲ್ಲೊಂದೇ.

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮಕ್ಕಳ ವಿಭಾಗದಲ್ಲಿ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ತಪಾಸಣೆ ಉಚಿತ. ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ತಪಾಸಣೆ ತಂಡ ಯಾವಾಗ ಬರುತ್ತೆ ಅಂತ ಹೇಳ್ತಾರೆ. ಮಾತು ತಡವಾಗಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೇ ಹೋಗಿಬನ್ನಿ. ನಮ್ಮ ದತ್ತು ಮಗಳ ವಿಷಯದಲ್ಲಿ ‘ದೊಡ್ಡವಳಾದ ಮೇಲೆ ಸರಿಹೋಗುತ್ತೆ’ ಅನ್ನೋ ಅಕ್ಕಪಕ್ಕದವರ ಮಾತು ಕೇಳಿ ನಾವು ಆರು ತಿಂಗಳು ಸುಮ್ಮನೆ ಕಳೆದೆವು.

ನಮ್ಮ ಪುಟ್ಟಿ ತಟ್ಟೆ ಎತ್ತಿದರೆ ಸಾಕು, ಕಿರುಚಿ ನೆಲಕ್ಕೆ ತಲೆ ಚಚ್ಚೋಳು. ದಿಂಬಿನಡಿ ಅಕ್ಕಿರೊಟ್ಟಿ ಚೂರು ಸಿಗೋದು. ಎಲ್ಲರೂ ಹಠ ಅಂದರು. ನಾಳೆ ಊಟ ಸಿಗುತ್ತೋ ಇಲ್ಲವೋ ಅನ್ನೋ ಭಯ ಅದು. ಒಂದು ಸ್ಟೀಲ್ ಡಬ್ಬಿಗೆ ರೊಟ್ಟಿ ಹಾಕಿ ಅವಳ ಕೈಗೆಟುಕುವಂತೆ ಇಟ್ಟೆವು, ಮುಚ್ಚಳ ಹಾಕದೆ. ಬಚ್ಚಿಡೋದು ನಿಧಾನಕ್ಕೆ ನಿಂತಿತು. ಕಚ್ಚೋದು ಮಾತ್ರ ಇನ್ನೂ ಒಂದು ವರ್ಷ ಇತ್ತು ಅನ್ನಿ.

ಇನ್ನೊಂದು, ದತ್ತು ಸಂಸ್ಥೆಯಿಂದ ಇದನ್ನು ಮುಚ್ಚಿಡಬೇಡಿ. ಮಗು ಮನೆಗೆ ಬಂದಮೇಲೆ ಎರಡು ವರ್ಷದವರೆಗೆ, ಆರು ತಿಂಗಳಿಗೊಮ್ಮೆ ಅವರು ವರದಿ ಬರೆಯಬೇಕು. ಮಗುವನ್ನು ವಾಪಸ್ ಕರೆದೊಯ್ದಾರು ಅಂತ ಹೆದರಿ ‘ಎಲ್ಲಾ ಚೆನ್ನಾಗಿದೆ’ ಅನ್ನೋರೇ ಜಾಸ್ತಿ. ಆಪ್ತಸಮಾಲೋಚನೆ ಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ.