ಭಾನುವಾರದ ರಜೆ

ಕುವೆಂಪುನಗರದ ಓದುಗರೊಬ್ಬರ ಪತ್ರ: "ನಮ್ಮ ಮನೆ ಕೆಲಸದವಳು ಹನ್ನೆರಡು ವರ್ಷದಿಂದ ಬರುತ್ತಿದ್ದಾಳೆ. ಮನೆ ಮಗಳ ಹಾಗೆ ನೋಡಿಕೊಂಡಿದ್ದೇವೆ. ಅವಳ ಮಗನ ಫೀಸನ್ನೂ ಕಟ್ಟಿದ್ದೇವೆ. ಈಗ ಭಾನುವಾರ ರಜೆ ಬೇಕಂತೆ. ಬಸ್ಸು ಫ್ರೀ ಆದಮೇಲೆ ಇವರಿಗೆಲ್ಲ ಜಾಸ್ತಿಯಾಯಿತು. ರಜೆ ಕೊಡಲೇಬೇಕಾ? ನೀವು ಬರೆಯುವ ಮೇಲು ಕೀಳು ನಮ್ಮ ಮೈಸೂರಲ್ಲಿ ಎಲ್ಲಿದೆ?"

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪ್ರೀತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಫೀಸು ಕಟ್ಟಿದ್ದು ದೊಡ್ಡ ಉಪಕಾರವೇ. ಆದರೆ ಮನೆ ಮಗಳು ಭಾನುವಾರ ಇನ್ನೂ ಸ್ವಲ್ಪ ಹೊತ್ತು ಮಲಗಿದ್ದರೆ ನಾವು ಬೇಸರ ಮಾಡಿಕೊಳ್ಳುತ್ತೇವಾ? ಹಬ್ಬದ ದಿನ ಅವಳು ಎಲ್ಲರೂ ಉಂಡಮೇಲೆ ಹಿತ್ತಲಲ್ಲಿ ಕೂತು ಉಣ್ಣುತ್ತಾಳಾ?

ನಮ್ಮ ಅಜ್ಜಿ ಮನೆ ಮಂಡ್ಯ ಕಡೆ. ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಇರುತ್ತಿತ್ತು. ಮುಸುರೆ ತಿಕ್ಕಲು ಬರುತ್ತಿದ್ದ ಹೆಂಗಸು ಅದರಲ್ಲೇ ಕಾಫಿ ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದರು. ಅಜ್ಜಿಗೂ ಅವರನ್ನು ಕಂಡರೆ ಅಕ್ಕರೆ. ಬಾಣಂತನಕ್ಕೆ ತುಪ್ಪ ಕಳಿಸಿದವರು. ಲೋಟ ಮಾತ್ರ ಕಡೆವರೆಗೂ ಒಳಗೆ ಬರಲಿಲ್ಲ.

ಗೇಣಿಗೆ ಗದ್ದೆ ಮಾಡುತ್ತಿದ್ದವರನ್ನೂ ಹೀಗೇ "ಇವನು ನಮ್ಮ ಮನೆಯವನೇ" ಅನ್ನುತ್ತಿದ್ದರು. ಸುಗ್ಗಿ ಬಂದರೆ ಗೇಣಿ ಭತ್ತ ಅಳೆದುಕೊಳ್ಳುವುದನ್ನು ಮಾತ್ರ ಯಾರೂ ಮರೆಯುತ್ತಿರಲಿಲ್ಲ. ನಮ್ಮ ಜಿಲ್ಲೆಯವರೇ ಆದ ದೇವರಾಜ ಅರಸು 1974ರಲ್ಲಿ, ಉಳುವವನಿಗೇ ಭೂಮಿ ಅಂತ, ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ತಂದರು. ಗೇಣಿದಾರರು ಡಿಕ್ಲರೇಷನ್ ಹಾಕಿ ಭೂ ನ್ಯಾಯಮಂಡಳಿ ಮುಂದೆ ನಿಂತರು. ಪಹಣಿಯಲ್ಲಿ ಹೆಸರು ಬಂದವರಿಗೆ ಧಣಿಗಳ ಮುಖ ನೋಡಿ ಬದುಕುವುದು ತಪ್ಪಿತು. ಧಣಿಗಳ ಪ್ರೀತಿ ಅಷ್ಟು ವರ್ಷ ಇದ್ದೂ ಆಗದ ಕೆಲಸ ಅದು.

ಮನೆಗೆಲಸದವರ ಕೈಯಲ್ಲಿ ಅಂಥ ಕಾಗದ ಇಲ್ಲ. ಕರ್ನಾಟಕದಲ್ಲಿ ಮನೆಗೆಲಸಕ್ಕೂ ಕನಿಷ್ಠ ವೇತನ ಗೊತ್ತು ಮಾಡಿದ್ದು 2004ರಲ್ಲೇ. ಸಂಬಳ ಇವತ್ತಿಗೂ ಗೇಟಿನ ಹತ್ತಿರ ಚೌಕಾಸಿಯಲ್ಲೇ ತೀರ್ಮಾನ ಆಗುತ್ತದೆ.

ಇನ್ನು ಬಸ್ಸು. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ದಿನಾ ಹಳ್ಳಿಯಿಂದ ಬಂದು ಹೋಗುವ ಹೆಂಗಸಿಗೆ ಟಿಕೆಟ್ ದುಡ್ಡು ಉಳಿಯಿತು. ಇನ್ನೊಂದು ಬಡಾವಣೆಯಲ್ಲಿ ಐನೂರು ರೂಪಾಯಿ ಹೆಚ್ಚು ಕೊಡುತ್ತಾರೆ ಅಂದರೆ ಈಗ ಅಲ್ಲಿಗೂ ಹೋಗಬಹುದು. "ಇಷ್ಟಕ್ಕೆ ಆಗಲ್ಲ ಅಮ್ಮ" ಅನ್ನುವ ಧೈರ್ಯ ಬಂತು. ನಿಮಗೆ ಜಾಸ್ತಿ ಅನ್ನಿಸಿದ್ದು ಇದೇ ಅಲ್ವಾ? ನನಗೆ ಇದು ತುಂಬಾ ಸಂತೋಷದ ವಿಷಯ.

ರಜೆ ಕೊಡಿ. ಸಂಬಳ ಹಿಡಿಯಬೇಡಿ. ಭಾನುವಾರದ ಪಾತ್ರೆಗಳನ್ನು ಸೋಮವಾರಕ್ಕೆ ಅಂತ ಸಿಂಕಿನಲ್ಲಿ ಗುಡ್ಡೆ ಹಾಕಬೇಡಿ.